ಬರೆಯುವ ಮಕ್ಕಳಿಗೆ ಹೊಗಳಿಕೆ ಸಾಕಾ, ಓದುಗರು ಬೇಕಾ?

ಹಾಳೆಗುಬ್ಬಿ:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ಭಾಷೆ ಕಲಿಸುತ್ತೇನೆ. ತರಗತಿಯಲ್ಲಿ ಕೆಲವರು ನಿಜವಾಗಿಯೂ ಬರೆಯುತ್ತಾರೆ. ಪರೀಕ್ಷೆಯ ಪ್ರಬಂಧದ ಮಾತಲ್ಲ. ಕಥೆ, ಕವಿತೆ ಬರೆಯುತ್ತಾರೆ, ಒಬ್ಬಳಂತೂ ಕಾದಂಬರಿಗೇ ಕೈ ಹಾಕಿದ್ದಾಳೆ. ಆದರೆ ಯಾರೂ ತೋರಿಸುವುದಿಲ್ಲ. ಕೇಳಿದರೆ "ಸುಮ್ನೆ ಗೀಚಿದ್ದು" ಅಂತ ನೋಟ್‌ಬುಕ್ ಮುಚ್ಚಿಬಿಡುತ್ತಾರೆ. ಅಪರೂಪಕ್ಕೆ ತೋರಿಸಿದಾಗ ನಾನು "ತುಂಬಾ ಚೆನ್ನಾಗಿದೆ" ಅನ್ನುತ್ತೇನೆ, ಅವರು ನಗುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು. ಆ ಮಾತಿನಿಂದ ಯಾರೂ ಎರಡನೇ ಕರಡು ಬರೆದದ್ದನ್ನು ನಾನು ನೋಡಿಲ್ಲ.

ಎರಡು ಪ್ರಶ್ನೆ. ಇವರನ್ನು ಬಿಡದೆ ಬರೆಯುವ ಹಾಗೆ ಮಾಡುವುದು ಹೇಗೆ? ಮತ್ತೆ, ಈ ವಯಸ್ಸಿಗೇ ಪ್ರಕಟಿಸಿ ಅಂತ ಹೇಳಬಹುದಾ? ನನ್ನ ಸಹೋದ್ಯೋಗಿಯೊಬ್ಬರು "ಬೇಡವೇ ಬೇಡ, ಹೆಸರು ಅಚ್ಚಾದರೆ ತಲೆ ತಿರುಗುತ್ತೆ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕುವುದಕ್ಕೂ ಆಗುತ್ತಿಲ್ಲ.

ಕರಡುಪ್ರತಿ:
ಕೆಲವು ವರ್ಷ ಒಂದು ಸಣ್ಣ ಪತ್ರಿಕೆಗೆ ಬರುವ ಹಸ್ತಪ್ರತಿಗಳನ್ನು ಮೊದಲು ಓದುವ ಕೆಲಸ ನನ್ನದಾಗಿತ್ತು. ಅದರ ಮೇಲೆ ಹೇಳುತ್ತೇನೆ: ಹೊಗಳಿಕೆಯಿಂದ ಯಾರೂ ಬರವಣಿಗೆ ಕಲಿಯುವುದಿಲ್ಲ. ಬೈಗುಳದಿಂದಲೂ ಇಲ್ಲ. ತಾನು ಬರೆದದ್ದನ್ನು ಇನ್ನೊಬ್ಬರು ಗಮನವಿಟ್ಟು ಓದಿದ್ದಾರೆ ಅನ್ನುವುದು ಗೊತ್ತಾದಾಗ ಮಾತ್ರ ಕೈ ಬದಲಾಗುತ್ತದೆ.

"ಚೆನ್ನಾಗಿದೆ" ಅನ್ನುವುದಕ್ಕೆ ಓದಲೇಬೇಕು ಅಂತಿಲ್ಲ, ಅಲ್ವಾ? ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಅದರ ಬದಲು "ಮೂರನೇ ಪುಟದಲ್ಲಿ ಅಣ್ಣ ಬಾಗಿಲು ತೆರೆಯುವವರೆಗೂ ನನಗೆ ಅವನ ಮೇಲೆ ಸಿಟ್ಟಿತ್ತು, ಅಲ್ಲಿಂದ ಪಾಪ ಅನ್ನಿಸಿತು" ಅಂತ ಹೇಳಿ ನೋಡಿ. ಇದು ಹೊಗಳಿಕೆಯೂ ಅಲ್ಲ, ಟೀಕೆಯೂ ಅಲ್ಲ. ಓದುವಾಗ ನಿಮಗೆ ಏನಾಯಿತು ಅನ್ನುವ ವರದಿ ಅಷ್ಟೇ. ಬರೆದವರಿಗೆ ಬೇಕಾಗಿರುವುದು ಇದು.

ಓದುಗರ ಯೋಚನೆ ಬಂದರೆ ಬರವಣಿಗೆ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಆನ್ ಫ್ರಾಂಕ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1942ರಲ್ಲಿ, 13 ವರ್ಷಕ್ಕೆ, ತನಗೋಸ್ಕರ ದಿನಚರಿ ಶುರು ಮಾಡಿ, ನಾಜಿಗಳಿಂದ ತಪ್ಪಿಸಿಕೊಳ್ಳೋಕೆ ಮನೆಯವರ ಜೊತೆ ಅಡಗಿಕೊಂಡಿದ್ದ ಯಹೂದಿ ಹುಡುಗಿ. 1944ರ ಮಾರ್ಚ್ ಕೊನೆಯಲ್ಲಿ ರೇಡಿಯೋದಲ್ಲಿ ದೇಶಭ್ರಷ್ಟ ಡಚ್ ಸರ್ಕಾರದ ಮಂತ್ರಿಯೊಬ್ಬರು, ಯುದ್ಧಕಾಲದ ದಿನಚರಿ, ಪತ್ರಗಳನ್ನೆಲ್ಲ ಮುಂದೆ ಸಂಗ್ರಹಿಸಬೇಕು ಅಂತ ಹೇಳಿದ್ದನ್ನು ಕೇಳಿದಳು. ಅದಾದ ಮೇಲೆ ಅಡಗುತಾಣದಲ್ಲೇ ಕೂತು ಹಳೆಯದನ್ನೆಲ್ಲ ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಕೆಲವನ್ನು ಕೈಬಿಟ್ಟಳು, ಕೆಲವನ್ನು ಹಿಗ್ಗಿಸಿದಳು, ಜನರಿಗೆ ಬೇರೆ ಹೆಸರು ಯೋಚಿಸಿದಳು. 14 ವರ್ಷದ ಹುಡುಗಿ ತನ್ನ ಬರಹಕ್ಕೆ ತಾನೇ ಸಂಪಾದಕಿ ಆದಳು. ಯಾವ ಮೇಷ್ಟ್ರೂ ತಿದ್ದು ಅಂತ ಹೇಳಿರಲಿಲ್ಲ. ಮುಂದೆ ಯಾರಾದರೂ ಓದಬಹುದು ಅನ್ನುವ ಒಂದು ಸಾಧ್ಯತೆಯೇ ಸಾಕಾಯಿತು.

ತುದಿಬೆಂಚು:
@ಕರಡುಪ್ರತಿ ಒಪ್ಪುತ್ತೇನೆ, ಆದರೆ ಅದೊಂದು ಅಸಾಮಾನ್ಯ ಪ್ರತಿಭೆ. ಎಲ್ಲಾ ಮಕ್ಕಳಿಗೂ ಓದುಗರು ಸಿಕ್ಕ ತಕ್ಷಣ ತಿದ್ದುವ ಹುಮ್ಮಸ್ಸು ಬರುತ್ತೆ ಅಂತ ಹೇಳೋಕಾಗಲ್ಲ. ನಾನು ನೋಡಿರುವುದು ಉಲ್ಟಾ. ನಾಲ್ಕು ಲೈಕ್ ಬಂದರೆ ಅದೇ ಧಾಟಿಯಲ್ಲಿ ಇನ್ನೂ ನಾಲ್ಕು ಪದ್ಯ, ಅದೇ ಮಳೆ, ಅದೇ ವಿರಹ. ಲೈಕ್ ಬರಲಿಲ್ಲ ಅಂದರೆ ಅಳಿಸಿಬಿಡುವುದು. ಬೇಗ ಪ್ರಕಟಿಸಿದವರು ಬೇಗ ಬರೆಯುವುದನ್ನೇ ಬಿಡುತ್ತಾರೆ ಅಂತ ನನ್ನ ಅನಿಸಿಕೆ. ಮೊದಲು ಓದಲಿ, ಐದಾರು ವರ್ಷ ಬರೆದು ಪೆಟ್ಟಿಗೆಯಲ್ಲಿ ಇಡಲಿ, ಆಮೇಲೆ ನೋಡೋಣ.

ಹದಿನಾರರ ಹುಡುಗಿ:
ನಾನು ಇಲ್ಲಿ ಓದುತ್ತಾ ಇರ್ತೀನಿ, ಬರೆಯುವುದು ಕಮ್ಮಿ. ನನ್ನ ವಯಸ್ಸಿನವರ ಬಗ್ಗೆ ಎಲ್ಲರೂ ಮಾತಾಡ್ತಿದೀರ ಅಂತ ಬಂದೆ.

ನಾವು ಯಾಕೆ ತೋರಿಸಲ್ಲ ಗೊತ್ತಾ? ಕಥೆಯಲ್ಲಿ ಒಬ್ಬಳು ಅತ್ತರೆ ಮನೆಯಲ್ಲಿ "ಏನಾಯ್ತು ನಿನಗೆ" ಅಂತ ಕೇಳ್ತಾರೆ. ಪ್ರೀತಿಯ ಪದ್ಯ ಬರೆದರೆ ಯಾರು ಅವನು ಅಂತ ವಿಚಾರಣೆ. ಕಥೆಯನ್ನು ಕಥೆ ಅಂತ ಯಾರೂ ಓದಲ್ಲ, ನನ್ನ ಬಗ್ಗೆ ಸಾಕ್ಷಿ ಹುಡುಕೋಕೆ ಓದ್ತಾರೆ. ಇನ್ನೊಂದು, ಒಂದು ಸಲ ನಂಬಿ ತೋರಿಸಿದ ಕವಿತೆಯನ್ನು ನನ್ನನ್ನು ಕೇಳದೆ ನೆಂಟರ ಗ್ರೂಪಿಗೆ ಹಾಕಿದ್ರು. ಹೆಮ್ಮೆಯಿಂದಲೇ ಹಾಕಿದ್ದು, ಗೊತ್ತು. ಆದರೂ ಅದಾದ ಮೇಲೆ ತುಂಬಾ ದಿನ ಏನೂ ಬರೆಯಲಿಲ್ಲ.

ಐದಾರು ವರ್ಷ ಪೆಟ್ಟಿಗೆಯಲ್ಲಿ ಇಡು ಅಂದ್ರೆ, ಅಷ್ಟು ಹೊತ್ತಿಗೆ ನಾನು ಬೇರೆಯವಳೇ ಆಗಿರ್ತೀನಿ ಅಲ್ವಾ? ಹದಿನಾರರ ಕಥೆಯನ್ನು ಹದಿನಾರರಲ್ಲೇ ಓದೋರು ಬೇಕು ನನಗೆ.

ಕರಡುಪ್ರತಿ:
ಕೊನೆಯ ಸಾಲಿಗೆ ನನ್ನ ಪೂರ್ತಿ ಬೆಂಬಲ.

ದೊಡ್ಡವರು ಪಾಲಿಸಬೇಕಾದ ನಿಯಮ ಇಲ್ಲೇ ಸಿಕ್ಕಿತು ನೋಡಿ: ಕೇಳದೆ ಓದಬೇಡಿ, ಕೇಳದೆ ಹಂಚಬೇಡಿ, ಕಥೆಯ "ನಾನು" ಬರೆದವರೇ ಅಂತ ತಿಳಿಯಬೇಡಿ. ಬರಹ ನೋಡಿ ನಿಜವಾಗಿಯೂ ಗಾಬರಿ ಆದರೆ, ಅಂದರೆ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಆಗ ಮಾತಾಡಲೇಬೇಕು. ಅದು ಬರಹದ ವಿಮರ್ಶೆ ಅಲ್ಲ, ಬೇರೆಯೇ ಮಾತು. ಎರಡನ್ನೂ ಕಲಸಬೇಡಿ.

ಮಸಿಕುಡಿಕೆ:
ಕಾವ್ಯನಾಮ ಇದೆಯಲ್ಲ ಅದಕ್ಕೇ! ನಮ್ಮ ಸಾಹಿತ್ಯದಲ್ಲಿ ಕಾವ್ಯನಾಮಕ್ಕೆ ಬರವೇ ಇಲ್ಲ. ಹೊರಗೂ ಅಷ್ಟೇ. ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿ ತನ್ನ ಫ್ರಾಂಕೆನ್‌ಸ್ಟೈನ್ ಕಾದಂಬರಿ ಶುರು ಮಾಡಿದ್ದು 1816ರಲ್ಲಿ, 18 ವರ್ಷಕ್ಕೆ. 1818ರಲ್ಲಿ ಅಚ್ಚಾದಾಗ ಪುಸ್ತಕದ ಮೇಲೆ ಹೆಸರೇ ಇರಲಿಲ್ಲ. ಅಲ್ಲಿನವರೇ ಆದ ಬ್ರಾಂಟೆ ಅಕ್ಕತಂಗಿಯರು 1846ರಲ್ಲಿ ಗಂಡಸರದ್ದೋ ಹೆಂಗಸರದ್ದೋ ಗೊತ್ತಾಗದ ಹೆಸರು ಇಟ್ಟುಕೊಂಡು, ತಮ್ಮದೇ ಖರ್ಚಿನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿದರು. ಎರಡೇ ಎರಡು ಪ್ರತಿ ಮಾರಾಟವಾದವು. ಮರುವರ್ಷವೇ ಅವರಲ್ಲೊಬ್ಬಳ ಪ್ರಸಿದ್ಧ ಕಾದಂಬರಿ ಜೇನ್ ಐರ್ ಬಂತು. ಆ ಎರಡು ಪ್ರತಿಯ ಲೆಕ್ಕ ನೋಡಿ ಪೆನ್ನು ಎತ್ತಿಟ್ಟಿದ್ದರೆ?

ಅದಕ್ಕಿಂತ ನನಗೆ ಇಷ್ಟ ಅವರ ಬಾಲ್ಯದ ಕಥೆ. ಚಿಕ್ಕಂದಿನಲ್ಲಿ ಅಣ್ಣತಮ್ಮ ಅಕ್ಕತಂಗಿ ಸೇರಿಕೊಂಡು ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಪುಸ್ತಕಗಳನ್ನು ಮಾಡುತ್ತಿದ್ದರು. ಅಚ್ಚಿನ ಅಕ್ಷರದ ಹಾಗೆ ಕಾಣಲಿ ಅಂತ ಸಣ್ಣದಾಗಿ ಬರೆದು, ಹೊಲಿದು, ಮುಖಪುಟ ಇಟ್ಟು, ಪತ್ರಿಕೆಯ ಥರ. ಓದುಗರು ಅಂದರೆ ಮನೆಯೊಳಗಿನ ಇನ್ನಿಬ್ಬರೋ ಮೂವರೋ. ಅದೂ ಪ್ರಕಟಣೆಯೇ ಅಲ್ವಾ.

ಹಾಳೆಗುಬ್ಬಿ:
ಹೌದು! ಪ್ರಕಟಣೆ ಅಂದ ತಕ್ಷಣ ನಾನು ಪತ್ರಿಕೆ, ಪುಸ್ತಕ, ಆನ್‌ಲೈನ್ ಅಂತಲೇ ಯೋಚಿಸುತ್ತಿದ್ದೆ. ಕೈಬರಹ ಪತ್ರಿಕೆ, ಗೋಡೆ ಪತ್ರಿಕೆ ನಮಗೆ ಹೊಸದೇನಲ್ಲ. ಹೇಗೆ ಮಾಡುವುದು, ಯಾರಾದರೂ ಬಿಡಿಸಿ ಹೇಳಿ.

ಮಸಿಕುಡಿಕೆ:
ತುಂಬಾ ಸುಲಭ. ಒಂದು ಎ4 ಹಾಳೆ ತಗೊಳ್ಳಿ. ಮೂರು ಸಲ ಮಡಚಿ ಬಿಚ್ಚಿದರೆ ಎಂಟು ಚೌಕ ಬರುತ್ತವೆ. ಮತ್ತೆ ಅಡ್ಡಕ್ಕೆ ಅರ್ಧ ಮಾಡಿ, ಮಡಚಿದ ಅಂಚಿನಿಂದ ನಡುವಿನ ಗೆರೆಯ ಗುಂಟ ಒಂದೇ ಒಂದು ಚೌಕದಷ್ಟು ಕತ್ತರಿಸಿ. ಬಿಚ್ಚಿ ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ಎಂಟು ಪುಟದ ಪುಸ್ತಕ ರೆಡಿ. ಪಿನ್ನೂ ಬೇಡ, ಗೋಂದೂ ಬೇಡ. ಬರೆದದ್ದೆಲ್ಲ ಹಾಳೆಯ ಒಂದೇ ಬದಿಯಲ್ಲಿ ಇರುವುದರಿಂದ ಬಿಚ್ಚಿ ಜೆರಾಕ್ಸ್ ಮಾಡಿದರೆ ಎಷ್ಟು ಪ್ರತಿ ಬೇಕೋ ಅಷ್ಟು. ಆದರೆ ಮೊದಲು ಖಾಲಿ ಹಾಳೆ ಮಡಚಿ ಪುಟಸಂಖ್ಯೆ ಹಾಕಿಕೊಳ್ಳಿ, ಇಲ್ಲದಿದ್ದರೆ ನಾಲ್ಕು ಪುಟ ತಲೆಕೆಳಗಾಗಿ ಬರುತ್ತವೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಮುಖಪುಟ, ಹಿಂಪುಟ ಬಿಟ್ಟರೆ ಉಳಿಯುವುದು ಆರೇ ಪುಟ, ಅದೂ ಅಂಗೈ ಅಗಲ. ಕಥೆ ಹಿಡಿಸಬೇಕು ಅಂದರೆ ಕತ್ತರಿಸಲೇಬೇಕು. ಯಾವ ಸಾಲು ಬೇಡ ಅಂತ ಅವರೇ ಕೂತು ಜಗಳ ಆಡುತ್ತಾರೆ. "ಇದನ್ನು ಚಿಕ್ಕದು ಮಾಡು" ಅಂತ ಮೇಷ್ಟ್ರು ಹೇಳಿದರೆ ಬೇಜಾರು, ಹಾಳೆ ಹೇಳಿದರೆ ಆಟ.

ನಿಧಾನಗತಿ:
ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬಿಡದೆ ಬರೆಯುವುದು ಹೇಗೆ? ನನ್ನ ಮಗನಿಗೆ ಕಥೆ ಶುರು ಮಾಡೋದು ಗೊತ್ತು, ಮುಗಿಸೋದು ಗೊತ್ತಿಲ್ಲ. ಹತ್ತಾರು ಮೊದಲ ಅಧ್ಯಾಯಗಳಿವೆ, ಎರಡನೇ ಅಧ್ಯಾಯ ಒಂದೂ ಇಲ್ಲ 😀

ಕರಡುಪ್ರತಿ:
@ನಿಧಾನಗತಿ ನಿಮ್ಮ ಮಗನ ಕಾಯಿಲೆ ಅರ್ಧ ಜಗತ್ತಿಗಿದೆ.

ಬರೆಯುವುದಕ್ಕೆ ಕೂರುವುದೇ ಕಷ್ಟ ಅನ್ನುವವರಿಗೆ ಒಂದು ಹಳೆಯ ಉಪಾಯ ಇದೆ. ಪೀಟರ್ ಎಲ್ಬೋ ಅನ್ನುವ ಅಮೆರಿಕದ ಮೇಷ್ಟ್ರು 1973ರಲ್ಲಿ ಒಂದು ಪುಸ್ತಕ ಬರೆದು ಇದನ್ನು ಜನಪ್ರಿಯ ಮಾಡಿದರು. ಹತ್ತು ನಿಮಿಷ ಅಲಾರಂ ಇಟ್ಟು, ಪೆನ್ನು ನಿಲ್ಲಿಸದೆ ಬರೆಯುವುದು. ತಪ್ಪಾದರೆ ಹೊಡೆದುಹಾಕುವ ಹಾಗಿಲ್ಲ, ಹಿಂದೆ ತಿರುಗಿ ಓದುವ ಹಾಗಿಲ್ಲ, ಏನೂ ಹೊಳೆಯದಿದ್ದರೆ ಏನೂ ಹೊಳೆಯುತ್ತಿಲ್ಲ ಅಂತಲೇ ಬರೆಯುತ್ತಾ ಹೋಗುವುದು. ಬರೆಯುವ ತಲೆಯನ್ನೂ ತಿದ್ದುವ ತಲೆಯನ್ನೂ ಬೇರೆ ಬೇರೆ ಹೊತ್ತಿಗೆ ಕೆಲಸಕ್ಕೆ ಕರೆಯಬೇಕು ಅನ್ನುವುದು ಇದರ ತಿರುಳು. ಮಕ್ಕಳು ಮೊದಲ ಸಾಲನ್ನೇ ಹತ್ತು ಸಲ ಅಳಿಸಿ ಸುಸ್ತಾಗುವುದು ಎರಡೂ ಒಟ್ಟಿಗೇ ಬಂದು ಕೂರುವುದರಿಂದ. ಒಂದು ಷರತ್ತು ಮಾತ್ರ: ಈ ಹತ್ತು ನಿಮಿಷದ ಬರಹವನ್ನು ಯಾರೂ ಕೇಳಬಾರದು, ಅಂಕ ಕೊಡಬಾರದು.

ಮುಗಿಸುವ ವಿಷಯ ಬೇರೆ. ಅದಕ್ಕೆ ಅಳತೆ ಚಿಕ್ಕದಿರಬೇಕು, ಗಡುವು ಗಟ್ಟಿ ಇರಬೇಕು. ಕಾದಂಬರಿ ಬಿಟ್ಟು ಒಂದು ಪುಟದ ಕಥೆ ಮುಗಿಸಲಿ. ಕೊನೆ ಕೆಟ್ಟದಾಗಿದ್ದರೂ ಪರವಾಗಿಲ್ಲ, ಕೊನೆ ಅಂತ ಒಂದು ಇರಲಿ. ಕಥೆ ಎಲ್ಲಿ ಸೋತಿತು ಅಂತ ಮುಗಿಸಿದ ಮೇಲೆ ಮಾತ್ರ ಗೊತ್ತಾಗುತ್ತದೆ. ಮೊದಲ ಅಧ್ಯಾಯಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ, ಯಾಕೆಂದರೆ ಅಲ್ಲಿ ಇನ್ನೂ ಯಾವ ಮಾತನ್ನೂ ಉಳಿಸಿಕೊಳ್ಳಬೇಕಾಗಿಲ್ಲ!

ಅಲ್ಪವಿರಾಮ:
ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಸವಾಲು 2000ನೇ ಇಸವಿಯಿಂದ ನಡೆದುಕೊಂಡು ಬಂದಿದ್ದು ಗೊತ್ತಿರಬಹುದು. ದಿನಕ್ಕೆ ಸುಮಾರು 1,667 ಪದ. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಆದರೆ ಆ ಲೆಕ್ಕದಲ್ಲಿ ಈಗಲೂ ಬರೆಯುವವರಿದ್ದಾರೆ. ಆ ಗುರಿ ಇಂಗ್ಲಿಷಿನ ಲೆಕ್ಕ, ಇಂಗ್ಲಿಷ್ ನಾಲ್ಕು ಪದದಲ್ಲಿ ಹೇಳುವುದನ್ನು ನಾವು ಪ್ರತ್ಯಯ ಅಂಟಿಸಿ ಎರಡರಲ್ಲಿ ಮುಗಿಸುತ್ತೇವೆ. ಹಾಗಾಗಿ ಅದನ್ನೇ ಮಕ್ಕಳ ಮೇಲೆ ಹೇರಬೇಡಿ. ಮಕ್ಕಳ ವಿಭಾಗದಲ್ಲಿ ಎಷ್ಟು ಪದ ಅನ್ನುವುದನ್ನು ಮಕ್ಕಳೇ ಗೊತ್ತುಮಾಡಿಕೊಳ್ಳಬಹುದಿತ್ತು, ನನಗೆ ಹಿಡಿಸಿದ್ದು ಅದು. ತಾನೇ ಇಟ್ಟುಕೊಂಡ ಗುರಿ ತಪ್ಪಿದರೆ ನಾಳೆ ನೋಡೋಣ ಅನ್ನಿಸುತ್ತೆ. ಬೇರೆಯವರು ಇಟ್ಟ ಗುರಿ ತಪ್ಪಿದರೆ ನಾನು ನಾಲಾಯಕ್ಕು ಅನ್ನಿಸುತ್ತೆ.

ತುದಿಬೆಂಚು:
ಕೈಬರಹ ಪತ್ರಿಕೆಗೆ ನನ್ನ ತಕರಾರಿಲ್ಲ. ನನ್ನ ಭಯ ದೊಡ್ಡ ಪ್ರಕಟಣೆಯದು. 16-17ಕ್ಕೇ ಪುಸ್ತಕ ತರಿಸಿ, ಬಿಡುಗಡೆ ಸಮಾರಂಭ ಮಾಡಿ, ಹಾರ ಹಾಕಿ, "ಬಾಲ ಪ್ರತಿಭೆ" ಅಂತ ಫ್ಲೆಕ್ಸ್ ಕಟ್ಟುವುದು. ಮುಂದಿನ ಪುಸ್ತಕ ಬರೆಯುವಾಗ ಆ ಮಗುವಿನ ತಲೆ ಮೇಲೆ ಎಷ್ಟು ಭಾರ?

ಕರಡುಪ್ರತಿ:
ಇದು ಸುಳ್ಳಲ್ಲ. ಎಸ್.ಇ. ಹಿಂಟನ್ ಅಂತ ಅಮೆರಿಕದ ಲೇಖಕಿ. ಹೈಸ್ಕೂಲಿನಲ್ಲಿದ್ದಾಗಲೇ ಬರೆದ ಮೊದಲ ಕಾದಂಬರಿ 1967ರಲ್ಲಿ ಬಂತು, ಆಗ ಆಕೆಗೆ 18. ಲಕ್ಷಾಂತರ ಜನ ಓದಿದರು. ಅದಾದ ಮೇಲೆ ಎರಡು ಮೂರು ವರ್ಷ ಆಕೆಗೆ ಏನೂ ಬರೆಯಲಾಗಲಿಲ್ಲ. ಕೊನೆಗೆ ಗೆಳೆಯನೊಬ್ಬ ದಿನಕ್ಕೆ ಎರಡು ಪುಟ ಬರೆ, ಬರೆದರೆ ಮಾತ್ರ ಸುತ್ತಾಡೋಕೆ ಹೋಗೋಣ ಅಂತ ಪಟ್ಟು ಹಿಡಿದ. ಹಾಗೆ ಎರಡೆರಡು ಪುಟವಾಗಿ ಬೆಳೆದ ಎರಡನೇ ಕಾದಂಬರಿ 1971ರಲ್ಲಿ ಬಂತು. ಹೆಸರು ಬಂದ ಮೇಲೆ ಕೈ ಕಟ್ಟಿತು ಅನ್ನುವುದಕ್ಕೆ ನಿಮ್ಮ ಪರವಾಗಿ ಈ ಕಥೆ ಇದೆ. ಆದರೆ ಕಟ್ಟಿದ ಕೈಯನ್ನು ಬಿಡಿಸಿದ್ದು ಯಾವುದು? ದಿನಕ್ಕೆ ಎರಡು ಪುಟ, ಬರೆದಿದ್ದೀಯಾ ಅಂತ ಕೇಳುವ ಒಬ್ಬ ಮನುಷ್ಯ. ಫ್ಲೆಕ್ಸ್ ಕಟ್ಟುವವರಲ್ಲಿ ಎಷ್ಟು ಜನ ಹಾಗೆ ಕೇಳುತ್ತಾರೆ?

ಕುವೆಂಪು ಅವರದ್ದೂ ನೆನಪಿಸಿಕೊಳ್ಳಿ. 1922ರಲ್ಲಿ ಅವರ ಮೊದಲ ಪುಸ್ತಕ ಬಂದಾಗ ಇನ್ನೂ ಹದಿನೆಂಟು ತುಂಬಿರಲಿಲ್ಲ. ಅದು ಇಂಗ್ಲಿಷ್ ಕವಿತೆಗಳ ಪುಸ್ತಕ. ಐರಿಶ್ ಕವಿ ಜೇಮ್ಸ್ ಕಸಿನ್ಸ್, ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲೇ ಬರೆ ಅಂತ ಹೇಳಿದರು. ಮುಂದೆ ಏನಾಯಿತು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ಕವಿ ತೋರಿಸಿದ, ಹಿರಿಯ ಕವಿ ಓದಿ ನಿಜ ಹೇಳಿದ. ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಆ ಮಾತು ಯಾವಾಗ ಕಿವಿಗೆ ಬೀಳುತ್ತಿತ್ತು?

ತುದಿಬೆಂಚು:
ಸರಿ, ಅರ್ಧ ಸೋತೆ. ಹಾರ, ಫ್ಲೆಕ್ಸ್ ಬೇಡ ಅನ್ನುವುದಕ್ಕೆ ಮಾತ್ರ ನಾನು ಬದ್ಧ.

ನಿಧಾನಗತಿ:
ಒಂದು ಮುಖ್ಯ ವಿಷಯ. ಮಗನಿಗೆ ಒಂದು ಮೇಲ್ ಬಂತು, ನಿಮ್ಮ ಕವಿತೆ ಸಂಕಲನಕ್ಕೆ ಆಯ್ಕೆಯಾಗಿದೆ, ಪ್ರತಿಗಳನ್ನು ಮುಂಗಡ ಹಣ ಕೊಟ್ಟು ಖರೀದಿಸಿ ಅಂತ. ಅವನು ಕುಣಿದಾಡುತ್ತಿದ್ದಾನೆ. ನನಗೆ ಯಾಕೋ ಅನುಮಾನ.

ಅಲ್ಪವಿರಾಮ:
ಅನುಮಾನ ಸರಿಯಾಗಿದೆ. ಇದು ಹಳೇ ವ್ಯಾಪಾರ. ಕಳಿಸಿದವರೆಲ್ಲರೂ "ಆಯ್ಕೆ" ಆಗಿರುತ್ತಾರೆ, ಪುಸ್ತಕ ಕೊಳ್ಳುವವರೂ ಅವರೇ, ಅವರ ಅಪ್ಪ ಅಮ್ಮನೇ. ಅಂಗಡಿಗೆ, ಓದುಗರಿಗೆ ಅದು ತಲುಪುವುದೇ ಇಲ್ಲ. ಹಣ ಪ್ರಕಾಶಕರಿಂದ ಲೇಖಕರ ಕಡೆಗೆ ಬರಬೇಕು, ಉಲ್ಟಾ ಹರಿಯುತ್ತಿದ್ದರೆ ನಿಂತು ಯೋಚಿಸಿ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ತಪ್ಪಲ್ಲ, ಮೇಲೆ ಬ್ರಾಂಟೆಗಳ ಕಥೆ ಬಂತಲ್ಲ. ಆದರೆ ಅದು ಸ್ವಂತ ಖರ್ಚು ಅಂತ ತಿಳಿದು ಮಾಡಬೇಕು, ಆಯ್ಕೆ ಅಂತ ನಂಬಿ ಅಲ್ಲ.

ಸ್ಪರ್ಧೆಗೆ ಕಳಿಸುವ ಮುಂಚೆ ನಿಯಮಗಳ ಕೊನೆಯ ಸಾಲುಗಳನ್ನು ಓದಿ. ಬಹುಮಾನ ಬರಲಿ ಬಿಡಲಿ, ಬಂದ ಎಲ್ಲಾ ಬರಹದ ಹಕ್ಕೂ ಆಯೋಜಕರದ್ದು ಅಂತ ಬರೆದಿರುವುದು ಉಂಟು. ಅಂಥ ಕಡೆ ಕಳಿಸಬೇಡಿ. ಹಾಗೇ, ಬಹಳ ಪತ್ರಿಕೆ ಮತ್ತು ಸ್ಪರ್ಧೆಗಳು "ಎಲ್ಲೂ ಪ್ರಕಟವಾಗಿರದ ಸ್ವಂತ ರಚನೆ" ಅಂತ ಕೇಳುತ್ತವೆ. ಅನೇಕ ಕಡೆ ಬ್ಲಾಗು, ಫೇಸ್‌ಬುಕ್ಕಿಗೆ ಹಾಕಿದ್ದನ್ನೂ ಪ್ರಕಟವಾಗಿದ್ದು ಅಂತಲೇ ಲೆಕ್ಕ ಹಾಕುತ್ತಾರೆ. ತುಂಬಾ ಇಷ್ಟದ ಕಥೆಯನ್ನು ಆತುರಕ್ಕೆ ಬಿದ್ದು ಹಾಕಿಬಿಟ್ಟರೆ ಆ ಬಾಗಿಲು ಮುಚ್ಚಿತು. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಹುದಾ ಅಂತಲೂ ನೋಡಿಕೊಳ್ಳಿ, ಕೆಲವರು ಒಪ್ಪುವುದಿಲ್ಲ.

ಹದಿನಾರರ ಹುಡುಗಿ:
ನನ್ನ ಕಥೆ ಯಾರಾದರೂ ಕದ್ದರೆ? ಮೊದಲೇ ಕಾಪಿರೈಟ್ ಮಾಡಿಸಬೇಕಾ? 18 ಆಗಿಲ್ಲ ಅಂದ್ರೆ ಕಾಪಿರೈಟ್ ಇರಲ್ವಾ?

ಅಲ್ಪವಿರಾಮ:
ಬರೆದ ಕ್ಷಣದಿಂದಲೇ ನಿನ್ನದು. 1886ರ ಬರ್ನ್ ಒಪ್ಪಂದ ಅಂತ ಇದೆ, ಬಹುತೇಕ ದೇಶಗಳು ಅದರಲ್ಲಿವೆ. ಅದರ ಪ್ರಕಾರ ಹಕ್ಕು ಸಿಗುವುದಕ್ಕೆ ನೋಂದಣಿ ಬೇಕಾಗಿಲ್ಲ. ಚಿಕ್ಕ ವಯಸ್ಸು ಅಂತ ಹಕ್ಕು ಇಲ್ಲವಾಗುವುದಿಲ್ಲ. ಆದರೆ 18 ಆಗದವರು ಒಪ್ಪಂದಕ್ಕೆ ಸಹಿ ಹಾಕುವಾಗ ಸಾಮಾನ್ಯವಾಗಿ ಪೋಷಕರು ಬೇಕಾಗುತ್ತಾರೆ. ಇನ್ನು, ರಕ್ಷಣೆ ಇರುವುದು ಬರೆದ ರೀತಿಗೆ, ಐಡಿಯಾಗೆ ಅಲ್ಲ. ಇಬ್ಬರು ಗೆಳತಿಯರು ದೂರವಾಗುವ ಕಥೆ ಯಾರು ಬೇಕಾದರೂ ಬರೆಯಬಹುದು. ನಿನ್ನ ಪುಟಗಳನ್ನು ಎತ್ತಿ ತನ್ನ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಕರಡುಗಳನ್ನು ತಾರೀಖಿನ ಜೊತೆ ಇಟ್ಟುಕೋ, ಜಗಳ ಬಂದರೆ ಉಪಯೋಗಕ್ಕೆ ಬರುತ್ತೆ.

ಆನ್‌ಲೈನ್ ಹಾಕುವುದಾದರೆ ಪೂರ್ತಿ ಹೆಸರು, ಶಾಲೆ, ಫೋಟೋ ಬೇಡ. ಕಥೆ ಇಷ್ಟವಾಯಿತು ಅಂತ ಶುರು ಮಾಡಿ ಖಾಸಗಿ ಮೆಸೇಜಿಗೆ ಎಳೆಯುವ ದೊಡ್ಡವರಿಂದ ದೂರ ಇರು. ಮೆಚ್ಚುಗೆ ನಿಜವಾಗಿದ್ದರೆ ಎಲ್ಲರೆದುರೇ ಹೇಳಬಹುದು.

ತುದಿಬೆಂಚು:
ಮತ್ತೆ ಈ ಎಐ? ಈಗ ಬರುವ ಕಥೆಗಳಲ್ಲಿ ಮಕ್ಕಳದ್ದು ಯಾವುದು, ಯಂತ್ರದ್ದು ಯಾವುದು?

ಕರಡುಪ್ರತಿ:
ಪೊಲೀಸ್ ಕೆಲಸ ಮಾಡೋಕೆ ಹೋದರೆ ಸೋಲುತ್ತೇವೆ. ಯಂತ್ರದಿಂದ ಬರೆಸುವುದು ಜಾಸ್ತಿ ಆಗುವುದು ಅಂಕಕ್ಕೆ, ಬಹುಮಾನಕ್ಕೆ ಬರೆಯುವಾಗ. ಪಕ್ಕದ ಬೆಂಚಿನವಳು ಓದಿ ಏನನ್ನುತ್ತಾಳೋ ಅಂತ ಕಾಯುವಾಗ ಯಾಕೆ ಬೇಕು ಅದು? ಕೈಬರಹದ ಮೂರು ಕರಡು ಜೊತೆಗಿದ್ದರೆ ಪ್ರಶ್ನೆಯೇ ಏಳುವುದಿಲ್ಲ.

ಹಾಳೆಗುಬ್ಬಿ:
ಎಲ್ಲರಿಗೂ ಧನ್ಯವಾದ. ಸೋಮವಾರದಿಂದ ಹೀಗೆ ಶುರು ಮಾಡುತ್ತೇನೆ. ವಾರಕ್ಕೆ ಎರಡು ಸಲ ಹತ್ತು ನಿಮಿಷದ ಬರಹ, ನಾನೂ ಅವರ ಜೊತೆ ಕೂತು ಬರೆಯುವುದು, ಯಾರೂ ಕೇಳುವಂತಿಲ್ಲ. ತಿಂಗಳ ಕೊನೆಗೆ ಎಂಟು ಪುಟದ ಪತ್ರಿಕೆ. ಕೊಡುವುದು ಬಿಡುವುದು ಅವರಿಷ್ಟ, ಹೆಸರು ಹಾಕುವುದೂ ಅವರಿಷ್ಟ. ಮೊದಲ ಸಂಚಿಕೆ ತರಗತಿಯಿಂದ ಹೊರಗೆ ಹೋಗುವುದಿಲ್ಲ. ಸಂಪಾದಕರು ಅವರೇ, ನನ್ನ ಕೆಂಪು ಪೆನ್ನಿಗೆ ಅಲ್ಲಿ ಜಾಗ ಇಲ್ಲ. ಹೊರಗಿನ ಪತ್ರಿಕೆಗೆ ಕಳಿಸಬೇಕು ಅನ್ನುವವರಿಗೆ ಕವರ್ ಲೆಟರ್ ಬರೆಯೋಕೆ, ನಿಯಮ ಓದೋಕೆ ಸಹಾಯ ಮಾಡುತ್ತೇನೆ.

ಒಂದೇ ಅನುಮಾನ ಉಳಿದಿದೆ. ಹೊರಗೆ ಕಳಿಸಿದ್ದು ತಿರಸ್ಕಾರ ಆದರೆ ಹೇಗೆ ಹೇಳುವುದು?

ಕರಡುಪ್ರತಿ:
ಕಳಿಸುವ ಮುಂಚೆಯೇ ಹೇಳಿ. ಬಹುಪಾಲು ಬರಹ ವಾಪಸ್ ಬರುತ್ತವೆ, ಬಹಳ ಕಡೆ ಉತ್ತರವೂ ಬರುವುದಿಲ್ಲ. ಆ ಸಂಚಿಕೆಯಲ್ಲಿ ಜಾಗ ಇಲ್ಲ ಅಂತಲೋ, ಅಂಥದ್ದೇ ಕಥೆ ಹಿಂದಿನ ತಿಂಗಳು ಬಂದಿತ್ತು ಅಂತಲೋ ನಾವೇ ಒಳ್ಳೆಯ ಬರಹಗಳನ್ನು ಪಕ್ಕಕ್ಕೆ ಇಟ್ಟಿದ್ದೇವೆ. ಗೋಡೆಗೆ ಒಂದು ಹಾಳೆ ಅಂಟಿಸಿ: ಯಾವ ಬರಹ, ಎಲ್ಲಿಗೆ, ಯಾವ ತಾರೀಖಿಗೆ ಕಳಿಸಿದ್ದು, ಏನು ಉತ್ತರ. ನಿಮ್ಮದೂ ಒಂದು ಕಥೆ ಕಳಿಸಿ, ಅದರ ಉತ್ತರವನ್ನೂ ಅಲ್ಲೇ ಬರೆಯಿರಿ. ಮೇಷ್ಟ್ರಿಗೂ ವಿಷಾದ ಪತ್ರ ಬರುತ್ತೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತೆ.

ಹಾಳೆಗುಬ್ಬಿ:
ನನ್ನದೂ ಕಳಿಸಬೇಕಾ! 😅 ಸರಿ, ಇಪ್ಪತ್ತನೇ ತಾರೀಖಿನೊಳಗೆ ಒಂದು ಕರಡು ಮಾಡುತ್ತೇನೆ. @ಹದಿನಾರರ ಹುಡುಗಿ, ಓದಿ ಎಲ್ಲಿ ಬೋರ್ ಆಯ್ತು ಅಂತ ಹೇಳ್ತೀಯಾ?

ಹದಿನಾರರ ಹುಡುಗಿ:
ಹೇಳ್ತೀನಿ. ಆದರೆ ಪಿಡಿಎಫ್ ಬೇಡ ಮಿಸ್, ಸಾಲಿನ ಪಕ್ಕ ಬರೆಯೋಕೆ ಆಗೋ ಥರ ಕಳಿಸಿ.